ಉತ್ತರಕ್ಕೆ ಸೇದುವ ಬಾವಿ

ಅಕ್ಕ ಸತ್ತ ಮೇಲೆ ನಾನು ಬಾಯಿಪಾಠ ಮಾಡಿದ್ದು ನಾಲ್ಕೇ ಸಾಲು. ಪೂರ್ವಕ್ಕೆ ಸರ್ಕಾರಿ ದಾರಿ. ಪಶ್ಚಿಮಕ್ಕೆ ಹುಣಸೆಮರದ ಕಟ್ಟೆ. ದಕ್ಷಿಣಕ್ಕೆ ಗಾಣದ ಮನೆಯ ಗೋಡೆ. ಉತ್ತರಕ್ಕೆ ಸೇದುವ ಬಾವಿ. ಇದಕ್ಕೆ ಚಕ್ಕುಬಂದಿ ಎನ್ನುತ್ತಾರೆ. ಮಾರುವ ಆಸ್ತಿಯ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಖರೀದಿ ಪತ್ರದ ಕೊನೆಯಲ್ಲಿ ಬರೆಯುವ ಸಾಲುಗಳು. ಓಣಿಯವರು ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ದೇವರ ಹೆಸರು ಹೇಳುವ ಹೊತ್ತಿಗೆ ನಾನು ಇವನ್ನು ಹೇಳಿಕೊಳ್ಳುತ್ತಿದ್ದೆ. ನಾಲ್ಕನೆಯ ಸಾಲು ಬಂದಾಗ ಸ್ವಲ್ಪ ನಿಲ್ಲುತ್ತಿದ್ದೆ, ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡವರ ಹಾಗೆ.

ಅಕ್ಕ ನರ್ಸ್ ಆಗಿದ್ದಳು. ಕೆಂಭಾವಿ, ದೇವಾಪುರ, ಮತ್ತೆ ಕೆಂಭಾವಿ, ಹೀಗೆ ಮೂವತ್ತೆರಡು ವರ್ಷ ಹೆರಿಗೆ ಮಾಡಿಸಿದಳು, ಮಕ್ಕಳಿಗೆ ಸೂಜಿ ಹಾಕಿದಳು. ಮದುವೆ ಆಗಲಿಲ್ಲ. ಯಾರಾದರೂ ಕೇಳಿದರೆ ಪುರುಸೊತ್ತು ಸಿಗಲಿಲ್ಲ ಎನ್ನುತ್ತಿದ್ದಳು. ನಾನು ಹತ್ತನೇ ತರಗತಿ ಮುಗಿಸಿ ರಾಮಸಮುದ್ರಕ್ಕೆ ಮದುವೆಯಾಗಿ ಹೋದವಳು. ಏಳನೆಯ ವರ್ಷ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ತೆಗೆದುಕೊಂಡು ಅಕ್ಕನ ಕ್ವಾರ್ಟರ್ಸಿಗೆ ಬಂದೆ. ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. ಯಂತ್ರವನ್ನು ಬೆಳಕು ಬೀಳುವ ಕಿಟಕಿಯ ಹತ್ತಿರ ಇಡಲು ಜಾಗ ಮಾಡಿಕೊಟ್ಟಳು, ಅಷ್ಟೆ. ಅಲ್ಲಿಂದ ಮುಂದೆ ಇಬ್ಬರೂ ಒಟ್ಟಿಗೇ ಇದ್ದೆವು.

ಕ್ವಾರ್ಟರ್ಸಿನ ಗೋಡೆಗೆ ಮೊಳೆ ಹೊಡೆಯಲು ಅವಳು ಒಂದು ದಿನವೂ ಬಿಡಲಿಲ್ಲ. ನಮ್ಮ ಗೋಡೆ ಅಲ್ಲ ಎನ್ನುತ್ತಿದ್ದಳು. ಕ್ಯಾಲೆಂಡರನ್ನು ಟ್ರಂಕಿನ ಮೇಲೆ ಗೋಡೆಗೆ ಆನಿಸಿ ಇಡುತ್ತಿದ್ದೆವು; ಗಾಳಿಗೆ ಬೀಳುತ್ತಿತ್ತು, ಎತ್ತಿಡುತ್ತಿದ್ದೆವು. ನಿವೃತ್ತಿ ಹತ್ತಿರ ಬಂದಾಗ ಅವಳಿಗೆ ಇದ್ದದ್ದು ಒಂದೇ ಆಸೆ, ತನ್ನದು ಎನ್ನುವ ಒಂದು ಗೋಡೆ.

ಸುರಪುರದಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಒಂದೇ ನಡುಗೋಡೆಗೆ ಅಂಟಿಕೊಂಡ ಎರಡು ಮನೆ. ಉತ್ತರದ ಮನೆಯಲ್ಲಿ ಮಾಲೀಕರು ತಾವೇ ಇದ್ದರು. ದಕ್ಷಿಣದ ಮನೆಯನ್ನು ಮಾರುವವರಿದ್ದರು. ಬಜಾರಿನಲ್ಲಿ ನೋಟ್‌ಬುಕ್ಕು, ಪೆನ್ನು ಮಾರುವ ಅಂಗಡಿ ಅವರದು. ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು. ನೀವೂ ಹಾಗೇ ಅನ್ನಿರಿ, ನನಗೆ ತಂಗಿಯರಿಲ್ಲ, ಇಬ್ಬರು ತಂಗಿಯರು ಸಿಕ್ಕ ಹಾಗಾಯಿತು ಎಂದರು. ಹಾಗೇ ಅಂದೆವು.

ಅಕ್ಕನಿಗೆ ಎಡಗಿವಿ ಮಂದವಾಗಿತ್ತು. ಎಂದೋ ಬಂದ ಜ್ವರದಲ್ಲಿ ಹೋದದ್ದು. ಕಾಕಾ ಅದನ್ನು ಮೊದಲ ದಿನವೇ ಗಮನಿಸಿದರು. ಮಾತಾಡುವಾಗ ಎದ್ದು ಅವಳ ಬಲಗಡೆಗೆ ಬಂದು ಕೂರುತ್ತಿದ್ದರು. ಎಷ್ಟು ತಿಳಿದವರು ಎಂದು ನಾವಿಬ್ಬರೂ ಮನೆಗೆ ಹೋಗಿ ಮಾತಾಡಿಕೊಂಡಿದ್ದೆವು.

ಕಾಗದ ತೋರಿಸಿರಿ ಎಂದಾಗ ಅವರು ಒಂದು ತಗಡಿನ ಕೊಳವೆ ತಂದರು. ಅದರೊಳಗೆ ಸುರುಳಿ ಸುತ್ತಿದ ದಪ್ಪ ಕಾಗದ, ಎಲ್ಲ ಉರ್ದೂ ಬರಹ, ಕೆಳಗೆ ಮಸುಕಾದ ಮುದ್ರೆ. ಅಕ್ಕನ ಬಲಗಿವಿಯ ಹತ್ತಿರ ಬಾಗಿ, ಓಣಿಗೆಲ್ಲ ಕೇಳುವ ಹಾಗೆ ಹೇಳಿದರು:

"ಪಟ್ಟಾ ಮನಿ ಅದ ಯವ್ವಾ. ನಿಜಾಮನ ಕಾಲದ ಪಟ್ಟಾ. ಇಂಥ ಕಾಗದ ಇಡೀ ಸುರಪುರದಾಗ ಹತ್ತು ಮನಿಗಿಲ್ಲ."

ನಮ್ಮ ಸೀಮೆಯಲ್ಲಿ ಪಟ್ಟಾ ಎಂದರೆ ಮತ್ತೇನೂ ಕೇಳುವ ಹಾಗಿಲ್ಲ. ಪಟ್ಟಾ ಎಂದರೆ ಮಾಲ್ಕಿ, ಪೂರ್ತಿ ಒಡೆತನ. ಹೊಲ ಯಾರದು ಎಂದರೆ ಪಟ್ಟಾದಾರ ಯಾರು ಎಂದೇ ಅರ್ಥ. ಹೆಣ್ಣು ಕೊಡುವವರೂ ಗಂಡಿಗೆ ಪಟ್ಟಾ ಜಮೀನು ಎಷ್ಟು ಎಂದು ಕೇಳುತ್ತಾರೆ. ಆದರೂ ಅಕ್ಕ ಹುಷಾರಿನವಳು. ಔಷಧದ ಬಾಟಲಿಯ ಚೀಟಿಯನ್ನು ಎರಡು ಸಲ ಓದಿ ಕೊಡುವ ರೂಢಿ ಅವಳದು. ಪುರಸಭೆಗೆ ಹೋಗಿ ತೆರಿಗೆ ಯಾರ ಹೆಸರಿನಲ್ಲಿದೆ ಎಂದು ನೋಡಿದಳು, ಕಾಕಾರ ಹೆಸರಿತ್ತು. ನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿದಳು. ಆಸ್ತಿಯ ಮೇಲೆ ಸಾಲ, ಬೇರೆಯವರ ಹಕ್ಕು ಏನೂ ಇಲ್ಲ ಎಂದು ಬಂತು. ಅಷ್ಟು ಹಳೆಯ ಉರ್ದೂ ಕಾಗದದ ಸುದ್ದಿ ಈಗಿನ ದಫ್ತರಿನಲ್ಲಿ ಇರುವುದಿಲ್ಲ ಎಂದು ನಮಗೆ ಯಾರೂ ಹೇಳಲಿಲ್ಲ. ತೆರಿಗೆ ಕಟ್ಟುವವನು ಗೋಡೆಗೆ ಕಟ್ಟುತ್ತಾನೆ, ನೆಲ ಬೇರೆಯವರದ್ದಾಗಿರಬಹುದು ಎಂದು ನಮಗೆ ಹೊಳೆಯಲೂ ಇಲ್ಲ. ಎಲ್ಲ ಕೇಳಿದ ಅಕ್ಕ ಒಂದೇ ಒಂದು ಮಾತು ಕೇಳಲಿಲ್ಲ. ಮನೆಯ ಕೆಳಗಿನ ನೆಲ ಯಾರದು?

ಖರೀದಿ ಪತ್ರ ಬರೆಯುವವನು ಚಕ್ಕುಬಂದಿ ಹೇಳಿ ಎಂದ. ಕಾಕಾ ಎದ್ದು ಬಂದು ಅಳತೆ ಮಾಡುವ ಬದಲು ತಗಡಿನ ಕೊಳವೆಯಿಂದ ಆ ಕಾಗದ ತೆಗೆದು ಹಿಂಬದಿ ತಿರುಗಿಸಿದರು. ಅಲ್ಲಿ ಅವರ ತಂದೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದರು. ಹಳೆಯ ಕಾಗದದಾಗ ಹೆಂಗದನೋ ಹಂಗ ಬರಿ, ಅದರ ಗತ್ತ ಬೇರೆ ಎಂದರು. ಬರೆಯುವವನು ಹಾಗೇ ಇಳಿಸಿಕೊಂಡ. ಸದರಿ ಪಟ್ಟಾ ಕಾಗದದ ಮೇರೆಗೆ ನನಗಿರುವ ಸಕಲ ಹಕ್ಕುಗಳೊಂದಿಗೆ, ಮೂಲ ಕಾಗದ ಸಹಿತ, ಎಂದು ಒಂದು ಸಾಲು ಸೇರಿಸಿದ. ಅಕ್ಕ ಸಹಿ ಮಾಡಿದಳು, ಕಾಕಾ ಸಹಿ ಮಾಡಿದರು. ತಗಡಿನ ಕೊಳವೆ ನಮ್ಮ ಟ್ರಂಕಿಗೆ ಬಂತು.

ಗೃಹಪ್ರವೇಶದ ದಿನ ಅಕ್ಕ ಮೊದಲು ಮಾಡಿದ ಕೆಲಸ, ಸುತ್ತಿಗೆ ಕೇಳಿ ತಂದು ನಡುಗೋಡೆಗೆ ಒಂದು ಮೊಳೆ ಹೊಡೆದದ್ದು. ತೂಗುಹಾಕಲು ಕೈಯಲ್ಲಿ ಏನೂ ಇರಲಿಲ್ಲ. ಸುಮ್ಮನೆ ಹೊಡೆದಳು. ಆಚೆ ಮನೆಯಿಂದ ಕಾಕಾರ ಹೆಂಡತಿ, ಏನಾಯ್ತು ಎಂದು ಓಡಿ ಬಂದರು. ಮೊಳೆ ನೋಡಿ ನಕ್ಕು ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಹೋದರು.

ಆರು ವರ್ಷ ಚೆನ್ನಾಗಿದ್ದೆವು. ಆರು ವರ್ಷದ ಮೇಲೆ ಅಕ್ಕನಿಗೆ ಅಂಗಳ ದಾಟುವಷ್ಟರಲ್ಲಿ ಉಸಿರು ಮೇಲಾಗತೊಡಗಿತು. ಕಲಬುರಗಿಯಲ್ಲಿ ಪರೀಕ್ಷೆ ಮಾಡಿ, ಹೃದಯದ ಕವಾಟ ಬದಲಿಸಬೇಕು, ತಡ ಮಾಡಬೇಡಿ ಎಂದರು. ಇದ್ದ ದುಡ್ಡು, ಬಂಗಾರ ಸೇರಿಸಿದರೆ ಅರ್ಧದಷ್ಟು ಆಗುತ್ತಿತ್ತು. ಉಳಿದದ್ದಕ್ಕೆ ಮನೆ ಮಾರೋಣ ಎಂದು ಅಕ್ಕನೇ ಹೇಳಿದಳು. ಜೀವ ಇದ್ದರೆ ಬಾಡಿಗೆ ಮನೆಯಲ್ಲಿ ಕ್ಯಾಲೆಂಡರ್ ಎತ್ತಿಡುವುದು ನಮಗೆ ಹೊಸದೇನಲ್ಲ ಎಂದಳು.

ಕೆಂಭಾವಿಯ ಒಬ್ಬ ಶಿಕ್ಷಕ ದಂಪತಿ ಮನೆ ನೋಡಿ ಒಪ್ಪಿದರು. ಅವರು ಬ್ಯಾಂಕಿನ ಸಾಲ ಮಾಡುವವರು. ಬ್ಯಾಂಕಿನ ವಕೀಲರು ಎಲ್ಲ ನೋಡಿ, ಈ ಉರ್ದೂ ಕಾಗದದ ಕನ್ನಡ ತರ್ಜುಮೆ ಬೇಕು ಎಂದರು. ನಮಗೆ ಅದರಿಂದ ಹೆಮ್ಮೆಯೇ ಆಯಿತು. ಬಜಾರಿನ ಹಿಂದೆ ಉರ್ದೂ ಶಾಲೆಯ ನಿವೃತ್ತ ಶಿಕ್ಷಕರೊಬ್ಬರಿದ್ದರು, ಎಲ್ಲರೂ ಉಸ್ತಾದರು ಎನ್ನುತ್ತಿದ್ದರು. ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಅವರ ಮನೆಗೆ ಹೋದೆ. ಅವರು ಕನ್ನಡಕ ಒರೆಸಿಕೊಂಡು ಓದುತ್ತಾ ಓದುತ್ತಾ ನಿಧಾನವಾದರು. ನಮ್ಮ ಮುಖ ನೋಡಿದರು. ಮತ್ತೆ ಓದಿದರು.

"ಬೇಟಿ, ಇದು ಮಾಲ್ಕಿ ಕಾಗದ ಅಲ್ಲ."

ಪಟ್ಟಾ ಅಂತ ಇದೆಯಲ್ಲ ಎಂದೆ.

"ಅದ. ಪಟ್ಟಾ ಅಂತನ ಬರದಾರ. ನಿಮ್ಮ ತಹಶೀಲ ಕಚೇರ್ಯಾಗ ಪಟ್ಟಾ ಅಂದ್ರ ಮಾಲ್ಕಿ. ನಮ್ಮ ಉರ್ದೂದಾಗ ಪಟ್ಟಾ ಅಂದ್ರ ಕೌಲು. ಇಷ್ಟು ವರ್ಷ ಅಂತ ಗುತ್ತಿಗಿ ಕೊಟ್ಟು, ಆಮ್ಯಾಗ ತಿರುಗಿ ತಗೊಳ್ಳೂದು."

ಆಮೇಲೆ ಒಂದೊಂದೇ ಕಲಮು ಓದಿ ಹೇಳಿದರು. ನೆಲ ಶಹಾಪುರದ ಒಂದು ಮನೆತನದ್ದು; ಪೂರ್ವಕ್ಕೆ ಸರ್ಕಾರಿ ದಾರಿ ಎಂದು ಶುರುವಾಗಿ ಉತ್ತರಕ್ಕೆ ಸೇದುವ ಬಾವಿ ಎಂದು ಮುಗಿಯುವ ಅದರ ಚಕ್ಕುಬಂದಿ. ತೊಂಬತ್ತೊಂಬತ್ತು ವರ್ಷಕ್ಕೆ ಕೌಲು. ವರ್ಷಕ್ಕೊಮ್ಮೆ ನೆಲದ ಬಾಡಿಗೆ ಕಟ್ಟಬೇಕು. ನೆಲದವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ದಾಟಿಸುವ ಹಾಗಿಲ್ಲ. ಅವಧಿ ಮುಗಿದ ಮೇಲೆ ಕೌಲುದಾರನು ತನ್ನ ಗೋಡೆ, ಬಾಗಿಲು, ಮಾಳಿಗೆಯ ಪರಸಿ ಕಲ್ಲು ಬಿಚ್ಚಿಕೊಂಡು ಹೋಗಬಹುದು; ನೆಲವನ್ನು ಖುಲ್ಲಾ ಮಾಡಿ ಒಪ್ಪಿಸಬೇಕು. ಉಸ್ತಾದರು ಬೆರಳು ಮಡಚಿ ಲೆಕ್ಕ ಹಾಕಿದರು. ಉಳಿದದ್ದು ಎರಡು ವರ್ಷ.

ಅಕ್ಕ ಅವರನ್ನು ತನ್ನ ಬಲಗಡೆಗೆ ಕರೆದು, ಗೋಡೆ ಬಿಚ್ಚಿಕೊಂಡು ಹೋಗುವ ಕಲಮನ್ನು ಇನ್ನೊಮ್ಮೆ ಓದಿಸಿದಳು. ಆಟೋದಲ್ಲಿ ಬರುವಾಗ "ಮೊಳಿ ನಮ್ದ ಅದ ನೋಡ, ಬಿಚ್ಚಿಕೊಂಡು ಹೋಗಬಹುದು" ಎಂದಳು. ನಕ್ಕಳು ಕೂಡ. ನಗಲು ಉಸಿರು ಸಾಲಲಿಲ್ಲ.

ಬ್ಯಾಂಕಿನವರು ಎರಡು ವರ್ಷ ಉಳಿದ ನೆಲದ ಮೇಲೆ ಇಪ್ಪತ್ತು ವರ್ಷದ ಸಾಲ ಹೇಗೆ ಕೊಡುವುದು ಎಂದರು. ಶಿಕ್ಷಕ ದಂಪತಿ ಬೈಯಲಿಲ್ಲ. ನೀವೂ ಮೋಸ ಹೋದಿರಿ ಎಂದು ಹೇಳಿ, ಕೊಟ್ಟ ಚಹಾ ಕುಡಿಯದೆ ಹೋದರು.

ಅಂದೇ ಸಂಜೆ ಅಕ್ಕ ಗೋಡೆ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು. ಕಾಕಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಾ ಕೂತಿದ್ದರು. ಕೊಟ್ಟ ದುಡ್ಡಿನಲ್ಲಿ ಆಪರೇಷನ್ನಿಗೆ ಬೇಕಾದಷ್ಟು ತಿರುಗಿ ಕೊಡಿ, ಮನೆ ನೀವೇ ಇಟ್ಟುಕೊಳ್ಳಿ ಎಂದು ಅಕ್ಕ ಕೇಳಿದಳು. ಬೇಡಿಕೊಂಡಳು ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ಆದರೆ ಅದು ಹಾಗೇ ಇತ್ತು. ಕಾಕಾ ಶೇಂಗಾದ ಸಿಪ್ಪೆ ಊದಿದರು.

"ಪಟ್ಟಾ ಅಂದೀನಿ. ಕಾಗದದಾಗ ಪಟ್ಟಾ ಅಂತನ ಅದ. ಸುಳ್ಳ ಎಲ್ಲಿ ಹೇಳೀನಿ?"

ನಾನೂ ಅದೇ ನೆಲದ ಮೇಲೆ ಕೂತಿದ್ದೇನೆ, ನನಗಿಲ್ಲದ ಅಂಜಿಕೆ ನಿಮಗೇಕೆ, ಶಹಾಪುರದ ಆ ಮುದುಕಿಯ ಹಿಂದೆ ಮುಂದೆ ಯಾರೂ ಇಲ್ಲ, ಯಾರು ಬಂದು ಬಿಡಿಸುತ್ತಾರೆ ಎಂದರು. ಅಂದರೆ ಮುದುಕಿ ಇರುವುದು ಗೊತ್ತಿತ್ತು. ನಮಗೆ ಮಾರುವ ಮೊದಲೇ ಎಲ್ಲ ಗೊತ್ತಿತ್ತೇ ಎಂದು ಅಕ್ಕ ಕೇಳಿದಳು. ಅವರು ಎದ್ದು ನಿಂತು, ಸಿಪ್ಪೆ ಝಾಡಿಸಿ, ಅವಳ ಎಡಗಡೆಗೆ ಹೋಗಿ ನಿಂತು ಏನೋ ಹೇಳಿದರು. ನನಗೆ ಕೇಳಿಸಿತು. ಗೊತ್ತಿತ್ತು, ಏನು ಮಾಡುತ್ತೀ ಎಂದಿದ್ದರು. ಅಕ್ಕನಿಗೆ ಕೇಳಿಸಲಿಲ್ಲ. ಏನಂದ್ರು ಎಂದು ನನ್ನನ್ನು ಕೇಳಿದಳು. ಗೊತ್ತಿರಲಿಲ್ಲವಂತೆ ಎಂದೆ.

ಇಲ್ಲಿಂದ ಮುಂದೆ ನಾನು ಅವನನ್ನು ಅವನು ಎಂದೇ ಬರೆಯುತ್ತೇನೆ.

ಅಕ್ಕ ಐದು ತಿಂಗಳು ಬದುಕಿದಳು. ಸಾಲಕ್ಕೆ ಓಡಾಡಿದೆ, ಸರ್ಕಾರದ ಕಾರ್ಡಿಗೆ ಓಡಾಡಿದೆ. ಒಂದು ಕಾಗದ ಸಿಕ್ಕರೆ ಇನ್ನೊಂದು ಬೇಕಾಗುತ್ತಿತ್ತು. ಎಲ್ಲ ಕೂಡಿ ಬರುವಷ್ಟರಲ್ಲಿ ಈಗ ಕೊಯ್ಯುವ ಹಾಗಿಲ್ಲ ಎಂದರು. ಮೊದಲೇ ಕೊಯ್ದಿದ್ದರೂ ಖಾತ್ರಿ ಇರಲಿಲ್ಲ ಎಂದು ಡಾಕ್ಟರು ನನ್ನ ಸಮಾಧಾನಕ್ಕೆ ಹೇಳಿದರು. ನನಗೆ ಸಮಾಧಾನ ಬೇಕಾಗಿರಲಿಲ್ಲ. ಆ ಮಾತನ್ನು ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಬಿಟ್ಟು ಬಂದೆ.

ಸತ್ತವರ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆರೆಯವರು ಬುತ್ತಿ ತರುತ್ತಾರೆ. ಮೊದಲ ದಿನದ ಬುತ್ತಿ ಪಕ್ಕದ ಮನೆಯದು. ಅವನೇ ಹೊತ್ತು ತಂದ. ಬಿಸಿ ರೊಟ್ಟಿ, ಪುಂಡಿ ಪಲ್ಯ. ಊಟ ಮಾಡು ತಂಗಿ ಎಂದು ತಲೆಯ ಮೇಲೆ ಕೈ ಇಡಲು ಬಂದ. ನಾನು ಬುತ್ತಿ ತೆಗೆದುಕೊಂಡು ಹೊರಗೆ ಹೋದೆ. ಎದುರು ಮನೆಯ ಎಮ್ಮೆಗೆ ಒಂದೊಂದೇ ರೊಟ್ಟಿ ತಿನ್ನಿಸಿದೆ, ಅವನು ಬಾಗಿಲಲ್ಲಿ ನಿಂತು ನೋಡುವಷ್ಟು ನಿಧಾನವಾಗಿ. ಎಮ್ಮೆ ಪುಂಡಿ ಪಲ್ಯವನ್ನೂ ನೆಕ್ಕಿತು. ಬುಟ್ಟಿಯನ್ನು ತೊಳೆಯದೆ ತಿರುಗಿ ಕೊಟ್ಟೆ.

ಅಷ್ಟೇ ಮಾಡಬಲ್ಲೆ ಎಂದುಕೊಂಡಿದ್ದೆ. ಆದರೆ ಮೂರನೆಯ ದಿನ ಓಣಿಯ ಹೆಂಗಸರು ನನ್ನನ್ನು ತಲೆಗೆ ನೀರು ಹಾಕಿಸಲು ಬಾವಿಗೆ ಕರೆದುಕೊಂಡು ಹೋದರು. ಈಗ ಯಾರೂ ಸೇದುವುದಿಲ್ಲ, ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಮಣ್ಣು ಮಾಡಿ ಬಂದವರ ಸ್ನಾನಕ್ಕೆ ಮಾತ್ರ ಜಾಳಿಗೆ ಸರಿಸಿ ಎರಡು ಕೊಡ ತೆಗೆಯುತ್ತಾರೆ. ನಮ್ಮ ಮನೆಯ ಬಾಗಿಲಿಂದ ಹೊರಟು ಉತ್ತರಕ್ಕೆ ನಡೆದೆವು. ನಮ್ಮ ಗೋಡೆ ಮುಗಿಯಿತು. ಅವನ ಕಟ್ಟೆ ಬಂತು, ಅವನ ಬಾಗಿಲು, ಅವನ ತುಳಸಿ, ಅವನ ಗೋಡೆ. ಅದೂ ಮುಗಿದ ಮೇಲೆ ಬಾವಿ. ತಣ್ಣೀರು ತಲೆಯ ಮೇಲೆ ಬಿದ್ದಾಗ ಉಸ್ತಾದರ ದನಿ ನೆನಪಾಯಿತು. ಉತ್ತರಕ್ಕೆ ಸೇದುವ ಬಾವಿ.

ಒದ್ದೆ ಸೀರೆಯಲ್ಲೇ ಬಂದು ಟ್ರಂಕು ತೆಗೆದು ಖರೀದಿ ಪತ್ರ ನೋಡಿದೆ. ನಮ್ಮ ಮನೆಯ ಉತ್ತರಕ್ಕೆ ಅವನ ಮನೆ ಎಂದು ಬರೆಯಬೇಕಾಗಿತ್ತು. ಬರೆದಿರಲಿಲ್ಲ. ಹಳೆಯ ಕಾಗದದ ಗತ್ತು ತೋರಿಸಲು ಹೋಗಿ, ಇಡೀ ಜಾಗದ ಚಕ್ಕುಬಂದಿಯನ್ನೇ ಬರೆಸಿದ್ದ. ಹುಣಸೆಕಟ್ಟೆಯಿಂದ ದಾರಿಯವರೆಗೆ, ಗಾಣದ ಗೋಡೆಯಿಂದ ಬಾವಿಯವರೆಗೆ, ಸಕಲ ಹಕ್ಕುಗಳೊಂದಿಗೆ ಅಕ್ಕನಿಗೆ ಮಾರಿದ್ದ. ತಾನು ಮಲಗುವ ಕೋಣೆಯನ್ನೂ ಮಾರಿದ್ದ.

ಆ ದಿನ ಅಕ್ಕ ಸತ್ತ ಮೇಲೆ ಮೊದಲ ಸಲ ನನಗೆ ಹಸಿವಾಯಿತು.

ವಾರಸಾ ಪ್ರಮಾಣಪತ್ರ ಕೈಗೆ ಬರಲು ಮೂರು ತಿಂಗಳು ಬೇಕಾಯಿತು. ಅಷ್ಟು ದಿನ ಬ್ಲೌಸು ಹೊಲಿದೆ. ಅವನು ಕಟ್ಟೆಯಿಂದ ಮಾತಾಡಿಸಿದರೆ ಹೌದ್ರಿ, ಇಲ್ರಿ ಎಂದು ಉತ್ತರ ಕೊಟ್ಟೆ. ನನ್ನ ಸಿಟ್ಟು ಇಳಿಯಿತು ಎಂದುಕೊಂಡಿರಬೇಕು.

ಆಮೇಲೆ ಯಾದಗಿರಿಗೆ ಹೋದೆ. ಭೀಮಾ ಸೇತುವೆ ದಾಟುವಾಗ ಕೊಳವೆಯನ್ನು ಎದೆಗೆ ಒತ್ತಿ ಹಿಡಿದಿದ್ದೆ. ಜಿಲ್ಲಾ ಕೋರ್ಟಿನ ಹತ್ತಿರ ಕೂರುವ ವಕೀಲರು ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡು ಓದಿದರು. ಅವರು ನೇರ ಮನುಷ್ಯ. ಇದು ತಪ್ಪಿನಿಂದ ಬರೆದದ್ದು ಎಂದು ಅವನು ದಾವೆ ಹಾಕಬಹುದು, ಕೋರ್ಟು ಕೇಳಲೂಬಹುದು ಎಂದರು. ಆದರೆ ಹಾಗೆ ಹೇಳಬೇಕಾದರೆ ಅವನು ಕಟಕಟೆಯಲ್ಲಿ ನಿಂತು, ಆ ಕಾಗದ ಏನು, ಅದು ಕೌಲು ಎಂದು ತನಗೆ ಎಂದಿನಿಂದ ಗೊತ್ತು, ಗೊತ್ತಿದ್ದೂ ಮಾಲ್ಕಿ ಎಂದು ಯಾಕೆ ಮಾರಿದೆ ಎಂದು ಹೇಳಬೇಕಾಗುತ್ತದೆ ಎಂದರು. ಅದಕ್ಕೂ ಮೊದಲು ನೆಲದವರ ಒಪ್ಪಿಗೆ ಬೇಕು. ಅದಿಲ್ಲದೆ ಅಕ್ಕನ ಖರೀದಿಯೇ ನಿಲ್ಲುವುದಿಲ್ಲ.

ನೆಲದ ಒಡತಿ ಶಹಾಪುರದಲ್ಲಿ, ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡದ ಕಡೆಗೆ ಬಾಗಿಲಿದ್ದ ಹಳೆಯ ಮನೆಯಲ್ಲಿದ್ದಳು. ಎಂಬತ್ತು ದಾಟಿದ ಮುದುಕಿ, ಬೆನ್ನು ಬಾಗಿರಲಿಲ್ಲ. ನಾನು ಯಾರು, ಯಾವ ಜಾಗ ಎಂದು ಹೇಳಿದ ಕೂಡಲೇ ಅವನ ಹೆಸರು ಎತ್ತಿದಳು.

"ಅವ ಇನ್ನೂ ಅದಾನೇನು? ಅವರಪ್ಪ ಸತ್ತ ಮ್ಯಾಲ ಒಂದು ಕಾಸು ಕಟ್ಟಿಲ್ಲ. ಕೇಳಿದ್ರ, ಯಾವ ನೆಲ ಅಂದ ನನಗ. ನನ್ನ ಮನ್ಯಾಗ ಕುಂತು ನನ್ನ ಚಹಾ ಕುಡಕೋತ ಅಂದ."

ಅವನಿಗೆ ಅವಳು ನೋಟೀಸು ಕೊಟ್ಟಿದ್ದಳು. ನಮಗೆ ಮಾರುವ ಎರಡು ವರ್ಷ ಮೊದಲು. ಮಾರಿದ ಮೇಲೆ ಅವನು ಅಕ್ಕನ ದುಡ್ಡು ತೆಗೆದುಕೊಂಡು ಇವಳ ಹತ್ತಿರ ಬಂದಿದ್ದ. ತನ್ನ ಮನೆಯ ಕೆಳಗಿನ ನೆಲವನ್ನಷ್ಟೇ ಕೊಡು ಎಂದು ಕೇಳಿದ್ದ. ಒಂದು ಕೌಲನ್ನು ತುಂಡು ಮಾಡಿ ಮಾರುವುದಿಲ್ಲ, ಇಡಿಯಾಗಿ ತಗೋ ಎಂದು ಇವಳು ಅಂದಿದ್ದಳು. ದಕ್ಷಿಣದ ಮನೆಯ ನೆಲ ನನಗೇಕೆ, ಅಲ್ಲಿ ಇರುವವರು ಇಬ್ಬರು ಹೆಂಗಸರು, ಅವಧಿ ಮುಗಿದರೆ ಹೋಗುತ್ತಾರೆ ಎಂದು ನಕ್ಕಿದ್ದನಂತೆ.

ನಾನು ಅಕ್ಕನ ವಿಷಯ ಹೇಳಿದೆ. ಮುದುಕಿ ಅಯ್ಯೋ ಪಾಪ ಅನ್ನಲಿಲ್ಲ. ಚಕ್ಕುಬಂದಿಯನ್ನು ಎರಡು ಸಲ ಓದಿಸಿಕೊಂಡಳು. ಬಾವಿಯ ಸಾಲು ಬಂದಾಗ ಅವಳ ಬಾಯಿ ಸ್ವಲ್ಪ ಅಗಲವಾಯಿತು.

"ಒಪ್ಪಿಗಿ ಬೇಕಲ್ಲ? ಬರಕೊಡ್ತೀನಿ. ನಿಮ್ಮಕ್ಕಗ ಮಾರಿದ್ದು ನನಗ ಒಪ್ಪಿಗಿ ಅದ ಅಂತ. ಪೂರಾ, ಬಾವಿ ತನಕ."

ನೆಲವನ್ನೂ ಕೊಡುತ್ತೀರಾ ಎಂದೆ. ಕೌಲಿನ ಅವಧಿ ಮುಗಿಯಲು ಇನ್ನೂ ವರ್ಷವಿತ್ತು. ಹೊತ್ತುಕೊಂಡು ಹೋಗುವುದಿಲ್ಲ ನಾನು ಎಂದಳು. ಆಪರೇಷನ್ನಿಗೆ ಎಂದು ಕೂಡಿಸಿ ಸಾಲದೆ ಉಳಿದ ಅಕ್ಕನ ದುಡ್ಡು, ಅವಳ ಪಾಟಲಿ ಬಳೆಗಳು, ಅದು ಖಾಲಿ ನೆಲಕ್ಕೆ ಸಾಕಾಯಿತು. ಅಕ್ಕನ ಹೃದಯಕ್ಕೆ ಸಾಲದ್ದು ಅವನ ಮನೆಯ ಕೆಳಗಿನ ಮಣ್ಣಿಗೆ ಸಾಕಾಯಿತು. ಈ ಮಾತನ್ನು ಎಷ್ಟೋ ದಿನ ಮನಸ್ಸಿನಲ್ಲೇ ಮಸೆದಿದ್ದೇನೆ.

ನೋಂದಣಿ ಆದ ಮೇಲೆ ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಕಾದೆ. ಅವನ ಮಗಳು ಯಾದಗಿರಿಯಲ್ಲಿದ್ದಳು. ಅವನ ಹೆಂಡತಿಗೆ ಮೊಣಕಾಲು ನೋವು. ಇವತ್ತಲ್ಲ ನಾಳೆ ಮನೆ ಮಾರಿ ಅಲ್ಲಿಗೆ ಹೋಗುತ್ತಾರೆ ಎಂದು ಗೊತ್ತಿತ್ತು. ಏಳು ತಿಂಗಳು ಕಾದೆ. ಪಕ್ಕದ ಮನೆಯಲ್ಲಿ ಸುಣ್ಣ ಬಳಿದಾಗ ಸಂತೋಷವಾಯಿತು. ಮನೆ ನೋಡಲು ಜನ ಬಂದಾಗ ನಾನೇ ಅವರಿಗೆ ಕುಡಿಯಲು ನೀರು ಕೊಟ್ಟೆ. ಒಬ್ಬರು ಒಪ್ಪಿದರು. ಅವರೂ ಬ್ಯಾಂಕಿನ ಸಾಲ ಮಾಡುವವರೇ.

ಒಂದು ಮಧ್ಯಾಹ್ನ ಅವನು ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ನನ್ನ ಹೆಸರಿದ್ದ ಋಣಭಾರ ಪತ್ರ. ಮುಖ ಇಳಿದಿತ್ತು. ಇದು ಹೆಂಗ ತಂಗಿ ಎಂದ. ನಾನು ಯಂತ್ರ ನಿಲ್ಲಿಸಲಿಲ್ಲ. ತೋಳಿನ ಹೊಲಿಗೆ ಮುಗಿಸಿ ದಾರ ಕತ್ತರಿಸಿದೆ. ಈ ಮಾತನ್ನು ನಾನು ಎಷ್ಟು ದಿನ ಅಭ್ಯಾಸ ಮಾಡಿದ್ದೆ ಎಂದರೆ, ಹೇಳುವಾಗ ದನಿ ಏರಲೇ ಇಲ್ಲ.

"ಚಕ್ಕುಬಂದಿ ನೀವ ಬರಸಿದ್ದು ಕಾಕಾ. ಉತ್ತರಕ್ಕ ಬಾವಿ ಅಂತನ ಅದ. ಸುಳ್ಳ ಎಲ್ಲಿ ಅದ?"

ಅವನು ಕೂಗಾಡಲಿಲ್ಲ. ಕೂಗಾಡುತ್ತಾನೆ ಎಂದು ನಾನು ಬಾಗಿಲು ಪೂರ್ತಿ ತೆರೆದಿಟ್ಟಿದ್ದೆ, ಓಣಿಗೆ ಕೇಳಲಿ ಎಂದು. ಅವನು ಯಾದಗಿರಿಗೆ ಹೋಗಿ ವಕೀಲರನ್ನು ಕಂಡು ಬಂದ. ಅವನಿಗೂ ಕಟಕಟೆಯ ಮಾತನ್ನೇ ಹೇಳಿದ್ದರು. ಕೊಳ್ಳಲು ಬಂದವರು ಮುಂಗಡ ವಾಪಸು ಕೇಳಿದರು. ಎರಡನೆಯ ಸಲ ಬಂದಾಗ ಅವನು ಹೊಸ್ತಿಲ ಒಳಗೆ ಕಾಲಿಡಲಿಲ್ಲ. ನೆಲವನ್ನು ತನಗೆ ಮಾರು ಎಂದ. ನಾನು ಮಾರುವುದಿಲ್ಲ ಎಂದೆ. ಮತ್ತೇನು ಮಾಡಲಿ ಎಂದು ಕೇಳಿದ. ಕೌಲಿಗೆ ಕೊಡುತ್ತೇನೆ ಎಂದೆ. ಹನ್ನೊಂದು ತಿಂಗಳಿಗೆ. ಮುಗಿದ ಮೇಲೆ ಮನಸ್ಸಿದ್ದರೆ ಮತ್ತೆ ಹನ್ನೊಂದು ತಿಂಗಳಿಗೆ. ಗೋಡೆ ನಿಮ್ಮದೇ ಇರಲಿ, ಬೇಕಾದರೆ ಬಿಚ್ಚಿಕೊಂಡು ಹೋಗಿ. ನನ್ನ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ. ಒಪ್ಪಿಗೆ ಕೊಡುವುದಿಲ್ಲ.

ಅವನ ಹೆಂಡತಿಯ ಮೊಣಕಾಲು ನನಗೆ ಏನೂ ಮಾಡಿರಲಿಲ್ಲ. ಅದನ್ನು ಮರೆತು ಬರೆಯುತ್ತಿಲ್ಲ. ಒಂದು ದಿನ ಹುಣಸೆಕಟ್ಟೆಯ ಹತ್ತಿರ ಅವರನ್ನು ನಿಲ್ಲಿಸಿ, ನೀವು ಕೇಳಿದರೆ ನಿಮ್ಮ ಹೆಸರಿಗೆ ಬರೆದುಕೊಡುತ್ತೇನೆ, ಅವನ ಹೆಸರಿಗೆ ಮಾತ್ರ ಇಲ್ಲ ಎಂದೆ. ಅವರು ಮೊಣಕಾಲು ಹಿಡಿದುಕೊಂಡು ಕಟ್ಟೆಗೆ ಒರಗಿದರು.

"ಕೇಳೂದಿಲ್ಲ ಯವ್ವಾ. ನೋಟೀಸ ಬಂದಾಗ ನಾನ ಸಹಿ ಮಾಡಿ ತಗೊಂಡಿದ್ದೆ."

ಮೊಳೆ ಹೊಡೆದ ದಿನದ ಮಜ್ಜಿಗೆ ನೆನಪಾಯಿತು. ಆ ತಂಬಿಗೆಯನ್ನು ಎಲ್ಲಿಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವರು ಮಗಳ ಮನೆಗೆ ಹೋಗಿ ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದಾರೆ. ಅಳಿಯ ಖರ್ಚು ನೋಡಿಕೊಂಡನಂತೆ. ಅವನು ಎರಡು ಊರಿಗೆ ಬಸ್ಸಿನಲ್ಲಿ ಓಡಾಡುತ್ತಾನೆ.

ಮೊನ್ನೆ ಮೊದಲ ಹನ್ನೊಂದು ತಿಂಗಳು ಮುಗಿಯಿತು. ಹೊಸ ಕಾಗದ ನಾನೇ ಬರೆಸಿದ್ದೆ. ತಲೆಬರಹ ಮಾತ್ರ ಖಾಲಿ ಬಿಡಿಸಿದ್ದೆ. ಅವನು ಬಂದು ಹೊರಗಿನ ಸ್ಟೂಲಿನ ಮೇಲೆ ಕೂತ. ಒಳಗೆ ಬರ್ರಿ ಎಂದೆ. ಅಕ್ಕ ಹೊಡೆದ ಮೊಳೆಗೆ ಈಗ ಅವಳ ಫೋಟೋ ಇದೆ, ನಡುಗೋಡೆಯ ಮೇಲೆ. ಆಚೆ ಕಡೆ ಅವನ ಖಾಲಿ ಮನೆ. ಅವನು ಬಂದು ಫೋಟೋದ ಎಡಕ್ಕೆ, ಆ ಗೋಡೆಯ ಪಕ್ಕ ಕೂತ. ಅವನು ಫೋಟೋ ನೋಡದೆ ಕಾಗದ ನೋಡಿದ. ಮೇಲೆ ಏನೂ ಬರೆದಿಲ್ಲವಲ್ಲ ಎಂದ.

ಇದಕ್ಕೆ ಏನನ್ನುತ್ತಾರೆ ನೀವೇ ಹೇಳಿ, ಬರೆಯುತ್ತೇನೆ ಎಂದೆ.

ಅವನು ಕಾಗದ ಮಡಚಿ ಮತ್ತೆ ಬಿಡಿಸಿದ. ಆಮೇಲೆ ನೆಲ ನೋಡುತ್ತಾ, "ಕೌಲು" ಎಂದ. ಎದುರು ಮನೆಯ ಎಮ್ಮೆಯ ಗಂಟೆ ಅದಕ್ಕಿಂತ ಜೋರಾಗಿ ಕೇಳುತ್ತಿತ್ತು.

"ಎಡಗಡೆಯಿಂದ ಹೇಳಿದ್ರ ಅಕ್ಕಗ ಕೇಳೂದಿಲ್ಲ ಕಾಕಾ. ಬಲಗಡೆ ಬಂದು ಹೇಳ್ರಿ."

ಅವನು ನನ್ನ ಮುಖ ನೋಡಿದ. ಫೋಟೋ ನೋಡಿದ. ಗೋಡೆ ಹಿಡಿದುಕೊಂಡು ಎದ್ದ. ಅಕ್ಕ ಅಂದು ಅವನ ಕಟ್ಟೆಗೆ ಹೋಗುವಾಗ ಹಿಡಿದುಕೊಂಡದ್ದೂ ಇದೇ ಗೋಡೆಯನ್ನೇ. ಎರಡು ಹೆಜ್ಜೆ ನಡೆದು ಅವಳ ಬಲಗಡೆಗೆ ಬಂದು ನಿಂತ. ಗಂಟಲು ಸರಿಮಾಡಿಕೊಂಡು ಹೇಳಿದ. ಈ ಸಲ ಓಣಿಗೆ ಕೇಳಿಸಿತು.

ಇನ್ನೊಮ್ಮೆ ಎಂದೆ. ಪೆನ್ನಿನ ಮುಚ್ಚಳ ನಾನಿನ್ನೂ ತೆಗೆದಿರಲಿಲ್ಲ.